ಪ್ರತಿಕಾಯಗಳ ಬಹುಗುರಿ ಬಂಧನ

ಒಂದೇ ಪ್ರತಿಕಾಯವು ಒಂದಕ್ಕಿಂತ ಹೆಚ್ಚು ಬಗೆಯ ಅಣುಗಳಿಗೆ ಅಂಟಿಕೊಳ್ಳುವ ಗುಣವನ್ನು ಪ್ರತಿಕಾಯಗಳ ಬಹುಗುರಿ ಬಂಧನ ಎಂದು ಕರೆಯಲಾಗುತ್ತದೆ. ಪ್ರತಿಕಾಯಗಳು ಕಶೇರುಕಗಳ ರೋಗನಿರೋಧಕ ವ್ಯವಸ್ಥೆಯ ಬಿ-ಕೋಶಗಳು ತಯಾರಿಸುವ ಪ್ರೋಟೀನುಗಳು. ಅವು ಅಂಟಿಕೊಳ್ಳುವ ಗುರಿ ಅಣುವಿಗೆ ಪ್ರತಿಜನಕ ಎಂದು ಹೆಸರು. ಒಂದು ಪ್ರತಿಜನಕಕ್ಕೆ ಒಂದು ಪ್ರತಿಕಾಯ ಎಂಬುದು ಪಠ್ಯಪುಸ್ತಕಗಳ ಸಾಮಾನ್ಯ ವಿವರಣೆ. ಆದರೆ ಪ್ರತಿಕಾಯವು ಗುರುತಿಸುವುದು ಇಡೀ ರೋಗಾಣುವನ್ನಾಗಲಿ ಇಡೀ ಅಣುವನ್ನಾಗಲಿ ಅಲ್ಲ. ಅದರ ಮೇಲ್ಮೈಯ ಒಂದು ಚಿಕ್ಕ ಭಾಗದ ಆಕಾರವನ್ನು ಮತ್ತು ಅಲ್ಲಿನ ವಿದ್ಯುದಾವೇಶದ ಹಂಚಿಕೆಯನ್ನು. ಅಂಥದೇ ಭಾಗ ಬೇರೊಂದು ಅಣುವಿನಲ್ಲಿದ್ದರೆ ಪ್ರತಿಕಾಯವು ಅದಕ್ಕೂ ಅಂಟಿಕೊಳ್ಳಬಲ್ಲದು.

ಈ ಗುಣದಿಂದ ಲಾಭವೂ ಇದೆ, ಹಾನಿಯೂ ಇದೆ. ಒಂದು ರೋಗಾಣುವಿನ ವಿರುದ್ಧ ಪಡೆದ ರಕ್ಷಣೆ ಅದರ ಸಂಬಂಧಿಗಳ ವಿರುದ್ಧವೂ ನೆರವಾಗಬಹುದು. ಅದೇ ಕಾರಣದಿಂದ ರಕ್ತಪರೀಕ್ಷೆಗಳು ತಪ್ಪು ಫಲಿತಾಂಶ ನೀಡಬಹುದು. ದೇಹದ ಸ್ವಂತ ಅಂಗಾಂಶಗಳಿಗೂ ಪೆಟ್ಟು ಬೀಳಬಹುದು. ಅಂಟಿಕೊಳ್ಳುವುದು ಮತ್ತು ರಕ್ಷಿಸುವುದು ಒಂದೇ ಅಲ್ಲ ಎಂಬುದಕ್ಕೆ ಮಲೆನಾಡಿನ ಮಂಗನ ಕಾಯಿಲೆಯ ಲಸಿಕೆಯ ಇತಿಹಾಸ ನಿದರ್ಶನವಾಗಿದೆ. ಒಂದೇ ಪ್ರತಿಕಾಯದಿಂದ ಹಲವು ಹಾವುಗಳ ವಿಷವನ್ನು ತಡೆಯುವ ಪ್ರಯತ್ನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಭಾಗಿಗಳಾಗಿದ್ದಾರೆ.

## ಪರಿಭಾಷೆ

ಈ ವಿಷಯದಲ್ಲಿ ಬಳಕೆಯಾಗುವ ಕೆಲವು ಪದಗಳು ಅರ್ಥದಲ್ಲಿ ಹತ್ತಿರದವು, ಆದರೆ ಒಂದೇ ಅಲ್ಲ.

* ಅಡ್ಡಪ್ರತಿಕ್ರಿಯೆ: ಒಂದು ಪ್ರತಿಜನಕದ ವಿರುದ್ಧ ಹುಟ್ಟಿದ ಪ್ರತಿಕಾಯವು ಅದನ್ನು ಹೋಲುವ ಇನ್ನೊಂದು ಪ್ರತಿಜನಕಕ್ಕೂ ಅಂಟಿಕೊಳ್ಳುವುದು.
* ಬಹುಪ್ರತಿಕ್ರಿಯೆ: ಡಿಎನ್‌ಎ, ಇನ್ಸುಲಿನ್, ಬ್ಯಾಕ್ಟೀರಿಯಾದ ಹೊರಪೊರೆಯ ಕೊಬ್ಬು-ಸಕ್ಕರೆ ಸಂಯುಕ್ತ ಇವುಗಳಂತೆ ಪರಸ್ಪರ ಹೋಲಿಕೆಯೇ ಕಾಣದ ಅಣುಗಳಿಗೆ ಒಂದೇ ಪ್ರತಿಕಾಯ ಅಂಟಿಕೊಳ್ಳುವುದು. ಇಂಥ ಬಂಧನ ಸಾಮಾನ್ಯವಾಗಿ ದುರ್ಬಲವಾಗಿರುತ್ತದೆ.
* ದ್ವಿಗುರಿ ಪ್ರತಿಕಾಯ: ಎರಡು ತೋಳುಗಳು ಎರಡು ಬೇರೆ ಬೇರೆ ಗುರಿಗಳನ್ನು ಹಿಡಿಯುವಂತೆ ರೂಪಿಸಿದ ಪ್ರತಿಕಾಯ. ಇವುಗಳಲ್ಲಿ ಹೆಚ್ಚಿನವು ಪ್ರಯೋಗಾಲಯದಲ್ಲಿ ತಯಾರಾದವು.

ಇವುಗಳಿಂದ ಬೇರೆಯಾಗಿ ನೋಡಬೇಕಾದದ್ದು ಬಹುಮೂಲ ಸೀರಮ್. ಕುದುರೆಗೆ ಅಥವಾ ಮನುಷ್ಯನಿಗೆ ಒಂದು ಪ್ರತಿಜನಕ ಹೊಕ್ಕಾಗ ಹಲವಾರು ಬಿ-ಕೋಶಗಳು ಬೇರೆ ಬೇರೆ ಪ್ರತಿಕಾಯಗಳನ್ನು ತಯಾರಿಸುತ್ತವೆ. ಇಂಥ ಸೀರಮ್ ಹಲವು ಗುರಿಗಳಿಗೆ ಅಂಟಿಕೊಂಡರೆ ಅದು ಪ್ರತಿಕಾಯಗಳ ಮಿಶ್ರಣದ ಗುಣವಾಗಿರಬಹುದು. ಯಾವುದೋ ಒಂದು ಪ್ರತಿಕಾಯದ ಬಹುಗುರಿ ಬಂಧನವೇ ಆಗಬೇಕೆಂದಿಲ್ಲ.

## ರಚನೆ

ರಕ್ತದಲ್ಲಿ ಅತಿ ಹೆಚ್ಚಾಗಿರುವ ಐಜಿಜಿ ವರ್ಗದ ಪ್ರತಿಕಾಯವು ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿದ್ದು, ಅದರ ಅಣುತೂಕ ಸುಮಾರು 1,50,000 ಡಾಲ್ಟನ್. ಅದರಲ್ಲಿ ಎರಡು ಭಾರದ ಸರಪಳಿಗಳೂ ಎರಡು ಹಗುರ ಸರಪಳಿಗಳೂ ಇವೆ. ವೈ ಅಕ್ಷರದ ಎರಡು ತೋಳುಗಳ ತುದಿಯಲ್ಲಿ ಪ್ರತಿಜನಕವನ್ನು ಹಿಡಿಯುವ ತಾಣಗಳಿವೆ. ಪ್ರತಿ ತಾಣವೂ ಆರು ಚಿಕ್ಕ ಪ್ರೋಟೀನ್ ಕುಣಿಕೆಗಳಿಂದ ಆಗಿದೆ: ಭಾರದ ಸರಪಳಿಯಿಂದ ಮೂರು, ಹಗುರ ಸರಪಳಿಯಿಂದ ಮೂರು. ಈ ಕುಣಿಕೆಗಳಲ್ಲಿನ ಅಮೈನೋ ಆಮ್ಲಗಳು ಪ್ರತಿಕಾಯದಿಂದ ಪ್ರತಿಕಾಯಕ್ಕೆ ಬದಲಾಗುತ್ತವೆ. ಭಾರದ ಸರಪಳಿಯ ಮೂರನೆಯ ಕುಣಿಕೆಯಲ್ಲಿ ಈ ವೈವಿಧ್ಯ ಅತ್ಯಧಿಕ.

ಪ್ರತಿಕಾಯದ ಹಿಡಿಯುವ ತಾಣಕ್ಕೆ ಪ್ಯಾರಾಟೋಪ್ ಎಂದೂ, ಪ್ರತಿಜನಕದ ಮೇಲೆ ಅದು ಕೂರುವ ಜಾಗಕ್ಕೆ ಎಪಿಟೋಪ್ ಎಂದೂ ಹೆಸರು. ಇವೆರಡರ ನಡುವೆ ಹೈಡ್ರೋಜನ್ ಬಂಧಗಳು, ಧನ-ಋಣ ಆವೇಶಗಳ ಆಕರ್ಷಣೆ, ವಾನ್ ಡರ್ ವಾಲ್ಸ್ ಬಲ ಹಾಗೂ ನೀರನ್ನು ದೂರವಿಡುವ ಭಾಗಗಳ ಕೂಡುವಿಕೆ ಕೆಲಸ ಮಾಡುತ್ತವೆ. ಬಿಡಿಬಿಡಿಯಾಗಿ ಇವೆಲ್ಲ ದುರ್ಬಲ. ಒಟ್ಟಾದಾಗ ಬಂಧನ ಗಟ್ಟಿಯಾಗುತ್ತದೆ. ಒಂದು ಎಪಿಟೋಪ್‌ನಲ್ಲಿ ಹಲವು ಅಮೈನೋ ಆಮ್ಲಗಳಿದ್ದರೂ ಬಂಧನಶಕ್ತಿಯ ಬಹುಪಾಲು ಅವುಗಳಲ್ಲಿ ಕೆಲವೇ ಕೆಲವುಗಳಿಂದ ಬರುತ್ತದೆ. ಆದ್ದರಿಂದ ಎರಡು ಅಣುಗಳು ಒಟ್ಟಾರೆ ಬೇರೆ ಬೇರೆಯಾಗಿದ್ದರೂ, ಆ ಕೆಲವು ಅಮೈನೋ ಆಮ್ಲಗಳು ಒಂದೇ ರೀತಿ ಜೋಡಣೆಗೊಂಡಿದ್ದರೆ ಪ್ರತಿಕಾಯವು ಎರಡನ್ನೂ ಹಿಡಿಯಬಹುದು.

## ಬಂಧನದ ವಿಧಾನಗಳು

ಒಂದು ಪ್ರತಿಕಾಯವು ಹಲವು ಗುರಿಗಳನ್ನು ಹಿಡಿಯುವ ಬಗೆಗಳನ್ನು ಹೀಗೆ ವಿಂಗಡಿಸಬಹುದು.

ಸಮಾನ ಎಪಿಟೋಪ್. ಒಂದೇ ಕುಟುಂಬದ ವೈರಸ್‌ಗಳಲ್ಲಿ ಕೆಲವು ಭಾಗಗಳು ವಿಕಾಸದ ಹಾದಿಯಲ್ಲಿ ಬದಲಾಗದೆ ಉಳಿದಿರುತ್ತವೆ. ಡೆಂಗಿ, ಜಪಾನೀಸ್ ಎನ್ಸೆಫಲೈಟಿಸ್, ಜೀಕಾ, ಮಂಗನ ಕಾಯಿಲೆ ಇವುಗಳ ವೈರಸ್‌ಗಳು ಫ್ಲಾವಿವೈರಸ್‌ಗಳೆಂಬ ಒಂದೇ ಗುಂಪಿನವು. ಇವುಗಳ ಹೊರಕವಚದ ಪ್ರೋಟೀನಿನಲ್ಲಿ ಕೋಶದ ಪೊರೆಯೊಂದಿಗೆ ಬೆಸೆಯಲು ನೆರವಾಗುವ ಕುಣಿಕೆಯು ಬಹುತೇಕ ಒಂದೇ ತೆರನಾಗಿದೆ. ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯ ಗುಂಪಿನ ಇತರ ವೈರಸ್‌ಗಳಿಗೂ ಅಂಟಿಕೊಳ್ಳುತ್ತದೆ.

ಅಣುಸಾದೃಶ್ಯ. ಸಂಬಂಧವೇ ಇಲ್ಲದ ಎರಡು ಅಣುಗಳ ಮೇಲ್ಮೈಯ ಒಂದೊಂದು ಭಾಗ ಆಕಸ್ಮಿಕವಾಗಿ ಹೋಲಬಹುದು. ಗಂಟಲುಬೇನೆ ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಎಂ-ಪ್ರೋಟೀನ್ ಮತ್ತು ಹೃದಯದ ಸ್ನಾಯುವಿನ ಮಯೊಸಿನ್ ಇದಕ್ಕೆ ಪ್ರಸಿದ್ಧ ಉದಾಹರಣೆ.

ಆಕಾರ ಬದಲಾವಣೆ. ಪ್ರತಿಕಾಯದ ಕುಣಿಕೆಗಳು ಗಡುಸಾದ ಅಚ್ಚುಗಳಲ್ಲ. ಬ್ರಿಟನ್ನಿನ ಸಂಶೋಧಕರು 2003ರಲ್ಲಿ ಎಸ್‌ಪಿಇ7 ಎಂಬ ಪ್ರತಿಕಾಯವನ್ನು ಪರಿಶೀಲಿಸಿ, ಅದು ಯಾವ ಗುರಿಯೂ ಇಲ್ಲದಿರುವಾಗಲೇ ಎರಡು ಬೇರೆ ಆಕಾರಗಳಲ್ಲಿ ಇರುವುದನ್ನು ತೋರಿಸಿದರು. ಒಂದು ಆಕಾರದ ಆಳವಾದ ಸೀಳಿನಲ್ಲಿ ಡೈನೈಟ್ರೊಫಿನೈಲ್ ಎಂಬ ಸಣ್ಣ ರಾಸಾಯನಿಕ ಕೂರುತ್ತದೆ. ಇನ್ನೊಂದು ಆಕಾರದ ಚಪ್ಪಟೆ ಮೇಲ್ಮೈಗೆ ದೊಡ್ಡದೊಂದು ಪ್ರೋಟೀನ್ ಅಂಟಿಕೊಳ್ಳುತ್ತದೆ.

ಒಂದೇ ತಾಣದ ಬೇರೆ ಭಾಗಗಳು. ಹಿಡಿಯುವ ತಾಣ ವಿಶಾಲವಾಗಿದ್ದರೆ ಬೇರೆ ಬೇರೆ ಅಣುಗಳು ಅದರ ಬೇರೆ ಬೇರೆ ಮೂಲೆಗಳನ್ನು ಬಳಸಿಕೊಳ್ಳಬಹುದು. ದೆಹಲಿಯ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆಯ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವು, ಇನ್ನೂ ಪಕ್ವವಾಗದ ಒಂದು ಪ್ರತಿಕಾಯವು ಹೋಲಿಕೆಯಿಲ್ಲದ ಪೆಪ್ಟೈಡ್‌ಗಳನ್ನು ಹೀಗೆ ಹಿಡಿಯುವುದನ್ನು ವಿವರಿಸಿತು.

ಹಲವು ತೋಳುಗಳ ಬಲ. ಸೋಂಕಿನ ಆರಂಭದಲ್ಲಿ ಬರುವ ಐಜಿಎಂ ಪ್ರತಿಕಾಯದಲ್ಲಿ ಸಾಮಾನ್ಯವಾಗಿ ಐದು ಘಟಕಗಳು ಕೂಡಿಕೊಂಡು ಹತ್ತು ಹಿಡಿತಾಣಗಳಿರುತ್ತವೆ. ಪ್ರತಿಯೊಂದು ಹಿಡಿತ ಸಡಿಲವಾಗಿದ್ದರೂ ಹತ್ತೂ ಕೂಡಿದಾಗ ರೋಗಾಣು ಸುಲಭವಾಗಿ ತಪ್ಪಿಸಿಕೊಳ್ಳಲಾರದು.

## ಪರಿಕಲ್ಪನೆಯ ಇತಿಹಾಸ

ಎಡ್ವರ್ಡ್ ಜೆನ್ನರ್ 1796ರಲ್ಲಿ ದನಸಿಡುಬಿನ ಕೀವನ್ನು ಬಳಸಿ ಮನುಷ್ಯರ ಸಿಡುಬಿನಿಂದ ರಕ್ಷಣೆ ಒದಗಿಸಿದಾಗ ಪ್ರತಿಕಾಯಗಳ ಕಲ್ಪನೆಯೇ ಇರಲಿಲ್ಲ. ಒಂದು ವೈರಸ್‌ನ ವಿರುದ್ಧ ಹುಟ್ಟಿದ ಪ್ರತಿರೋಧವು ಅದರ ಸಂಬಂಧಿಯನ್ನೂ ತಡೆಯುತ್ತದೆ ಎಂಬುದು ಆ ಪ್ರಯೋಗದ ಆಧಾರವೆಂದು ಅನಂತರ ತಿಳಿಯಿತು. ಎಮಿಲ್ ಫಿಷರ್ 1894ರಲ್ಲಿ ಕಿಣ್ವಗಳ ಬಗ್ಗೆ ಬೀಗ ಮತ್ತು ಕೀಲಿಯ ಹೋಲಿಕೆಯನ್ನು ನೀಡಿದರು; ಪಾಲ್ ಎರ್ಲಿಖ್ ಅದನ್ನು ಪ್ರತಿಕಾಯಗಳಿಗೂ ಅನ್ವಯಿಸಿದರು.

ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಸಣ್ಣ ರಾಸಾಯನಿಕಗಳನ್ನು ಪ್ರೋಟೀನುಗಳಿಗೆ ಜೋಡಿಸಿ, ಅವುಗಳ ವಿರುದ್ಧ ಹುಟ್ಟುವ ಪ್ರತಿಕಾಯಗಳು ಎಷ್ಟು ಸೂಕ್ಷ್ಮ ವ್ಯತ್ಯಾಸಗಳನ್ನು ಗುರುತಿಸಬಲ್ಲವು ಎಂದು ಪರೀಕ್ಷಿಸಿದರು. ಪ್ರತಿಕಾಯಗಳು ಒಂದೇ ರಾಸಾಯನಿಕ ಗುಂಪಿನ ಸ್ಥಾನಪಲ್ಲಟವನ್ನೂ ಗುರುತಿಸುತ್ತವೆ, ಆದರೂ ಹೋಲುವ ಅಣುಗಳಿಗೆ ಕಡಿಮೆ ಬಲದಿಂದ ಅಂಟಿಕೊಳ್ಳುತ್ತವೆ ಎಂದು ಈ ಪ್ರಯೋಗಗಳಿಂದ ಸ್ಪಷ್ಟವಾಯಿತು. ನಿರ್ದಿಷ್ಟತೆ ಎಂಬುದು ಇದೆ ಅಥವಾ ಇಲ್ಲ ಎನ್ನುವಂಥದ್ದಲ್ಲ, ಅದಕ್ಕೆ ಪ್ರಮಾಣಗಳಿವೆ ಎಂಬ ಇಂದಿನ ತಿಳಿವಳಿಕೆಗೆ ಇದೇ ಬುನಾದಿ. ಪ್ರತಿಕಾಯದ ರಾಸಾಯನಿಕ ರಚನೆಯನ್ನು ಬಿಡಿಸಿದ ಜೆರಾಲ್ಡ್ ಎಡೆಲ್‌ಮನ್ ಮತ್ತು ರಾಡ್ನಿ ಪೋರ್ಟರ್ 1972ರಲ್ಲಿಯೂ, ಅದರ ವೈವಿಧ್ಯದ ಆನುವಂಶಿಕ ಮೂಲವನ್ನು ವಿವರಿಸಿದ ಸುಸುಮು ಟೊನೆಗಾವ 1987ರಲ್ಲಿಯೂ ನೊಬೆಲ್ ಪ್ರಶಸ್ತಿ ಪಡೆದರು.

## ದೇಹದಲ್ಲಿ ಪಾತ್ರ

ಜಗತ್ತಿನಲ್ಲಿರುವ ರೋಗಾಣುಗಳ ಬಗೆಗಳಿಗೆ ಲೆಕ್ಕವಿಲ್ಲ. ದೇಹದಲ್ಲಿರುವ ಬಿ-ಕೋಶಗಳ ಸಂಖ್ಯೆಗೆ ಮಿತಿಯಿದೆ. ಒಂದೊಂದು ಪ್ರತಿಕಾಯವೂ ಹಲವು ಗುರಿಗಳಿಗೆ ಸಡಿಲವಾಗಿ ಅಂಟಿಕೊಳ್ಳುವುದರಿಂದ, ಹಿಂದೆಂದೂ ಕಾಣದ ರೋಗಾಣು ಬಂದರೂ ಅದನ್ನು ಹಿಡಿಯಬಲ್ಲ ಯಾವುದಾದರೊಂದು ಪ್ರತಿಕಾಯ ದೇಹದಲ್ಲಿ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಹೀಗೆ ಆಯ್ಕೆಯಾದ ಬಿ-ಕೋಶಗಳು ದುಗ್ಧಗ್ರಂಥಿಗಳಲ್ಲಿ ವೃದ್ಧಿಸುವಾಗ ಅವುಗಳ ಪ್ರತಿಕಾಯ ಜೀನುಗಳಲ್ಲಿ ಸಣ್ಣ ಬದಲಾವಣೆಗಳಾಗುತ್ತವೆ. ಹೆಚ್ಚು ಗಟ್ಟಿಯಾಗಿ ಹಿಡಿಯುವ ಕೋಶಗಳು ಉಳಿದು, ಉಳಿದವು ಸಾಯುತ್ತವೆ. ಈ ಪಕ್ವತೆಯ ಹಾದಿಯಲ್ಲಿ ಹಿಡಿತ ಬಿಗಿಯಾಗುತ್ತಾ, ಸಾಮಾನ್ಯವಾಗಿ ಗುರಿಗಳ ಹರವು ಕಿರಿದಾಗುತ್ತದೆ.

ಸೋಂಕು ತಗುಲುವ ಮೊದಲೇ ರಕ್ತದಲ್ಲಿರುವ ಪ್ರತಿಕಾಯಗಳಿಗೆ ಸಹಜ ಪ್ರತಿಕಾಯಗಳೆಂದು ಹೆಸರು. ಇವುಗಳಲ್ಲಿ ಬಹುಪಾಲು ಐಜಿಎಂ ವರ್ಗದವು, ಬಹುಪ್ರತಿಕ್ರಿಯೆಯ ಗುಣವುಳ್ಳವು. ರಕ್ತದ ಗುಂಪುಗಳಿಗೆ ಸಂಬಂಧಿಸಿದ ಪ್ರತಿಕಾಯಗಳೂ ಅಡ್ಡಪ್ರತಿಕ್ರಿಯೆಯ ಫಲವೆಂದು ತಿಳಿಯಲಾಗಿದೆ. ಕರುಳಿನ ಬ್ಯಾಕ್ಟೀರಿಯಾಗಳ ಮೇಲಿರುವ ಸಕ್ಕರೆಯ ಅಣುಗಳು ಎ ಮತ್ತು ಬಿ ರಕ್ತಗುಂಪುಗಳ ಸಕ್ಕರೆಗಳನ್ನು ಹೋಲುತ್ತವೆ. ಆದ್ದರಿಂದ ಎಂದೂ ರಕ್ತ ಪಡೆಯದ ಓ ಗುಂಪಿನ ವ್ಯಕ್ತಿಯಲ್ಲೂ ಎ ಮತ್ತು ಬಿ ಗುಂಪುಗಳ ವಿರುದ್ಧದ ಪ್ರತಿಕಾಯಗಳಿರುತ್ತವೆ.

## ಕರ್ನಾಟಕದ ನಿದರ್ಶನಗಳು

### ಮಂಗನ ಕಾಯಿಲೆ

1957ರಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಮಂಗಗಳ ಸಾವಿನ ಕಾರಣದಿಂದ ಇದು ಹಳದಿ ಜ್ವರವಿರಬಹುದೇ ಎಂಬ ಆತಂಕ ಮೂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ವೈರಸ್ಸನ್ನು ಬೇರ್ಪಡಿಸಿದರು. ಅದು ಉಣ್ಣೆಗಳಿಂದ ಹರಡುವ ಹೊಸ ವೈರಸ್ ಎಂದೂ, ರಷ್ಯಾದ ವಸಂತ-ಬೇಸಿಗೆ ಮಿದುಳುಜ್ವರದ ವೈರಸ್ ಗುಂಪಿಗೆ ಹತ್ತಿರದ್ದೆಂದೂ ಗೊತ್ತಾಯಿತು. ಈ ನಂಟು ಬೆಳಕಿಗೆ ಬಂದದ್ದು ಸೀರಮ್ ಪರೀಕ್ಷೆಗಳಲ್ಲಿ ಕಂಡ ಅಡ್ಡಪ್ರತಿಕ್ರಿಯೆಯಿಂದ.

ಪ್ರತಿಕಾಯಗಳು ಎರಡೂ ವೈರಸ್‌ಗಳಿಗೆ ಅಂಟಿಕೊಳ್ಳುವುದಾದರೆ ರಷ್ಯಾದ ರೋಗಕ್ಕೆ ತಯಾರಿಸಿದ ಲಸಿಕೆ ಮಲೆನಾಡಿನವರನ್ನೂ ಕಾಪಾಡಬಹುದೆಂಬ ನಿರೀಕ್ಷೆ ಸಹಜವಾಗಿತ್ತು. ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಆ ಲಸಿಕೆಯನ್ನು ರೋಗಪೀಡಿತ ಪ್ರದೇಶದ ಜನರಿಗೆ ನೀಡಲಾಯಿತು. ಆದರೆ ಅದರಿಂದ ತೃಪ್ತಿಕರ ರಕ್ಷಣೆ ದೊರೆಯಲಿಲ್ಲ. ಪ್ರಯೋಗಾಲಯದಲ್ಲಿ ಕಂಡ ನಂಟು ಜನರ ದೇಹದಲ್ಲಿ ರಕ್ಷಣೆಯಾಗಿ ಪರಿಣಮಿಸಲಿಲ್ಲ.

ಅಂಟಿಕೊಳ್ಳುವಿಕೆಗೂ ರಕ್ಷಣೆಗೂ ಇರುವ ಅಂತರವನ್ನು ಫ್ಲಾವಿವೈರಸ್‌ಗಳ ಪರೀಕ್ಷೆಗಳೇ ತೋರಿಸುತ್ತವೆ. ಕೆಂಪು ರಕ್ತಕಣಗಳು ಗುಂಪುಗೂಡುವುದನ್ನು ತಡೆಯುವ ಪರೀಕ್ಷೆಯಲ್ಲಿ ಇಡೀ ಗುಂಪಿನ ವೈರಸ್‌ಗಳ ನಡುವೆ ಅಡ್ಡಪ್ರತಿಕ್ರಿಯೆ ವಿಸ್ತಾರವಾಗಿ ಕಾಣುತ್ತದೆ. ಕೋಶಕ್ಕೆ ಸೋಂಕು ತಗುಲದಂತೆ ತಡೆಯುವ ಶಕ್ತಿಯನ್ನು ಅಳೆಯುವ ತಟಸ್ಥೀಕರಣ ಪರೀಕ್ಷೆಯಲ್ಲಿ ಅದು ಬಹಳ ಕಿರಿದು. ರಕ್ಷಣೆ ದೊರೆಯಬೇಕಾದರೆ ಪ್ರತಿಕಾಯವು ಸರಿಯಾದ ಜಾಗಕ್ಕೆ, ಸಾಕಷ್ಟು ಬಲದಿಂದ, ಸಾಕಷ್ಟು ಪ್ರಮಾಣದಲ್ಲಿ ಅಂಟಿಕೊಳ್ಳಬೇಕು. ಮುಂದೆ ಮಂಗನ ಕಾಯಿಲೆಯ ವೈರಸ್ಸನ್ನೇ ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸಿ ಲಸಿಕೆ ತಯಾರಿಸಿ ಹಲವು ವರ್ಷ ಬಳಸಲಾಯಿತು. ಅದರ ರಕ್ಷಣೆಯೂ ಸೀಮಿತವೆಂದು ಕಂಡುಬಂದುದರಿಂದ ಆ ಲಸಿಕೆಯನ್ನು ಕೈಬಿಡಲಾಯಿತು.

### ಹಾವಿನ ವಿಷ

2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನರು ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಗದಗ ಜಿಲ್ಲೆಯ ಕೋಟುಮಚಗಿಯಂಥ ಬಯಲುಸೀಮೆಯ ಊರುಗಳಲ್ಲಾಗಲಿ ಮಲೆನಾಡಿನಲ್ಲಾಗಲಿ ಇದು ಹೆಚ್ಚಾಗಿ ಹೊಲದಲ್ಲಿ ದುಡಿಯುವವರನ್ನು ಕಾಡುವ ಅಪಾಯ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ನಾಗರಹಾವಿನ ವಿಷದ ವಿರುದ್ಧ ಪ್ರತಿವಿಷವನ್ನು ಸಿದ್ಧಪಡಿಸಿ, ಅದು ಬೇರೆ ಹಾವುಗಳ ವಿಷಕ್ಕೂ ಉಪಯುಕ್ತವೆಂದು ನಂಬಿದ್ದರು. ಭಾರತದಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾರ್ಜ್ ಲ್ಯಾಂಬ್ ಮುಂತಾದವರ ಪ್ರಯೋಗಗಳು ಆ ನಂಬಿಕೆ ಸರಿಯಲ್ಲವೆಂದು ತೋರಿಸಿದವು: ನಾಗರಹಾವಿನ ಪ್ರತಿವಿಷವು ಕೊಳಕುಮಂಡಲದ ವಿಷವನ್ನು ತಡೆಯಲಿಲ್ಲ. ಕಚ್ಚಿದ ಹಾವು ಯಾವುದೆಂದು ಗಾಯಗೊಂಡವರಿಗೆ ಅನೇಕ ಸಲ ತಿಳಿದಿರುವುದಿಲ್ಲ. ಆದ್ದರಿಂದ ಈಗ ಭಾರತದಲ್ಲಿ ಬಳಕೆಯಲ್ಲಿರುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಕುದುರೆಗಳಿಗೆ ಸ್ವಲ್ಪ ಸ್ವಲ್ಪವಾಗಿ ಚುಚ್ಚಿ, ಅವುಗಳ ರಕ್ತದಿಂದ ತಯಾರಿಸುತ್ತಾರೆ. ಇದು ಹಲವು ಪ್ರತಿಕಾಯಗಳ ಮಿಶ್ರಣ. ಅಡ್ಡಪ್ರತಿಕ್ರಿಯೆಯಿಂದ ಇತರ ಕೆಲವು ಹಾವುಗಳ ವಿಷಕ್ಕೂ ಇದು ಅಲ್ಪಸ್ವಲ್ಪ ಅಂಟಿಕೊಳ್ಳುತ್ತದೆ. ಆದರೆ ಪಶ್ಚಿಮ ಘಟ್ಟದಲ್ಲಿ ಕಾಣುವ ಹಂಪ್ ನೋಸ್ಡ್ ಪಿಟ್ ವೈಪರ್ ಎಂಬ ಮಂಡಲ ಜಾತಿಯ ಹಾವಿನ ಕಡಿತದಲ್ಲಿ ಇದು ಪರಿಣಾಮಕಾರಿಯಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2024ರ ಫೆಬ್ರವರಿಯಲ್ಲಿ 95ಮ್ಯಾಟ್5 ಎಂಬ ಕೃತಕ ಮಾನವ ಪ್ರತಿಕಾಯದ ವಿವರಗಳನ್ನು ಪ್ರಕಟಿಸಿದರು. ನಾಗರಹಾವು, ಕಟ್ಟುಹಾವು, ಕಾಳಿಂಗ, ಆಫ್ರಿಕಾದ ಮಾಂಬಾ ಮುಂತಾದವು ಸೇರಿದ ಎಲಾಪಿಡ್ ಕುಟುಂಬದ ಹಲವು ಹಾವುಗಳ ವಿಷದಲ್ಲಿ ಮೂರು ಬೆರಳುಗಳಂಥ ಆಕಾರದ ನರವಿಷ ಪ್ರೋಟೀನುಗಳಿವೆ. ಇವು ನರ ಮತ್ತು ಸ್ನಾಯು ಕೂಡುವಲ್ಲಿರುವ ಅಸಿಟೈಲ್‌ಕೋಲಿನ್ ಗ್ರಾಹಕಗಳಿಗೆ ಅಂಟಿಕೊಂಡು ಉಸಿರಾಟದ ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಹಾವಿನಿಂದ ಹಾವಿಗೆ ಈ ಪ್ರೋಟೀನುಗಳು ಬದಲಾಗುತ್ತವೆ. ಆದರೆ ಅದೇ ಗ್ರಾಹಕವನ್ನು ಹಿಡಿಯಬೇಕಾದ್ದರಿಂದ ಹಿಡಿಯುವ ಭಾಗ ಮಾತ್ರ ಹೆಚ್ಚು ಬದಲಾಗಲಾರದು. 95ಮ್ಯಾಟ್5ರ ಒಂದು ಕುಣಿಕೆ ಆ ಗ್ರಾಹಕದ ಆಕಾರವನ್ನೇ ಹೋಲುತ್ತದೆ. ವಿಷವು ಗ್ರಾಹಕವನ್ನು ಬಿಟ್ಟು ಪ್ರತಿಕಾಯವನ್ನು ಹಿಡಿಯುತ್ತದೆ. ಸಾರ್ವಜನಿಕ ದತ್ತಕೋಶಗಳಲ್ಲಿದ್ದ ಈ ವಿಷದ 149 ರೂಪಗಳ ಪೈಕಿ 99ಕ್ಕೆ ಅದು ಅಂಟಿಕೊಂಡಿತೆಂದು ಸಂಶೋಧಕರು ತಿಳಿಸಿದ್ದಾರೆ. ಪ್ರಯೋಗಗಳು ಇಲಿಗಳ ಮೇಲೆ ನಡೆದಿವೆ. ಮಂಡಲ ಜಾತಿಯ ಹಾವುಗಳ ವಿಷದಲ್ಲಿ ಈ ನರವಿಷಗಳು ಇಲ್ಲ. ಎಲಾಪಿಡ್ ಹಾವುಗಳ ವಿಷದಲ್ಲೂ ಬೇರೆ ಬಗೆಯ ವಿಷಾಂಶಗಳಿವೆ. ಆದ್ದರಿಂದ ಸಾರ್ವತ್ರಿಕ ಪ್ರತಿವಿಷಕ್ಕೆ ಇಂಥ ಹಲವು ಪ್ರತಿಕಾಯಗಳನ್ನು ಕೂಡಿಸಬೇಕಾಗುತ್ತದೆ.

## ರೋಗಪತ್ತೆಯಲ್ಲಿ

ಅಡ್ಡಪ್ರತಿಕ್ರಿಯೆಯನ್ನೇ ಉಪಾಯವಾಗಿ ಬಳಸಿಕೊಂಡ ಪರೀಕ್ಷೆಗಳಿವೆ. 1916ರಲ್ಲಿ ರೂಪುಗೊಂಡ ವೈಲ್-ಫೆಲಿಕ್ಸ್ ಪರೀಕ್ಷೆಯಲ್ಲಿ ಟೈಫಸ್ ಗುಂಪಿನ ಜ್ವರಗಳನ್ನು ಪತ್ತೆಮಾಡಲು ಸಂಬಂಧವಿಲ್ಲದ ಪ್ರೋಟಿಯಸ್ ಬ್ಯಾಕ್ಟೀರಿಯಾವನ್ನು ಬಳಸಲಾಗುತ್ತದೆ. ರೋಗಿಯ ಪ್ರತಿಕಾಯಗಳು ಅದಕ್ಕೂ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಪರೀಕ್ಷೆ ಅಗ್ಗವಾದರೂ ಅದರ ನಿಖರತೆ ಕಡಿಮೆ.

ಇನ್ನು ಕೆಲವು ಪರೀಕ್ಷೆಗಳಿಗೆ ಇದೇ ಗುಣ ತೊಡಕಾಗಿದೆ. ಟೈಫಾಯ್ಡ್ ಪತ್ತೆಗೆ ಬಳಸುವ ವಿಡಾಲ್ ಪರೀಕ್ಷೆಯು ಇತರ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳ ಸೋಂಕಿನಲ್ಲೂ ಧನಾತ್ಮಕ ಫಲಿತಾಂಶ ನೀಡಬಹುದು. ಸಿಫಿಲಿಸ್ ರೋಗಕ್ಕೆ ಮಾಡುವ ವಿಡಿಆರ್‌ಎಲ್ ಪರೀಕ್ಷೆಯು ಕಾರ್ಡಿಯೊಲಿಪಿನ್ ಎಂಬ ಕೊಬ್ಬಿನ ವಿರುದ್ಧದ ಪ್ರತಿಕಾಯವನ್ನು ಹುಡುಕುತ್ತದೆ. ಮಲೇರಿಯಾ, ಕುಷ್ಠ, ಲೂಪಸ್ ಕಾಯಿಲೆಗಳಲ್ಲಿಯೂ ಗರ್ಭಿಣಿಯರಲ್ಲಿಯೂ ಅದು ತಪ್ಪಾಗಿ ಧನಾತ್ಮಕವಾಗಬಹುದು. ಡೆಂಗಿಯ ಐಜಿಎಂ ಪರೀಕ್ಷೆ ಇತರ ಫ್ಲಾವಿವೈರಸ್ ಸೋಂಕುಗಳಲ್ಲಿ ಧನಾತ್ಮಕವಾಗಬಹುದು. ಆದ್ದರಿಂದ ಇಂಥ ಫಲಿತಾಂಶಗಳನ್ನು ರೋಗಲಕ್ಷಣಗಳೊಂದಿಗೆ ಹೋಲಿಸಿ ನೋಡಲಾಗುತ್ತದೆ; ಅಗತ್ಯವಿದ್ದಲ್ಲಿ ವೈರಸ್‌ನ ಆನುವಂಶಿಕ ವಸ್ತುವನ್ನು ಹುಡುಕುವ ಪಿಸಿಆರ್ ಪರೀಕ್ಷೆಯಿಂದ ಅಥವಾ ತಟಸ್ಥೀಕರಣ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಲಾಗುತ್ತದೆ.

## ಹಾನಿಕರ ಪರಿಣಾಮಗಳು

ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ ಕೆಲವು ಮಕ್ಕಳಲ್ಲಿ ಕಾಣುವ ರುಮ್ಯಾಟಿಕ್ ಜ್ವರದಲ್ಲಿ, ಬ್ಯಾಕ್ಟೀರಿಯಾದ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಹೃದಯದ ಅಂಗಾಂಶಗಳಿಗೂ ಅಂಟಿಕೊಳ್ಳುತ್ತವೆ. ಇದರೊಂದಿಗೆ ಟಿ-ಕೋಶಗಳ ದಾಳಿಯೂ ಸೇರಿ ಹೃದಯದ ಕವಾಟಗಳಿಗೆ ಶಾಶ್ವತ ಹಾನಿಯಾಗಬಹುದು. ಗಂಟಲುಬೇನೆಗೆ ಸಕಾಲದಲ್ಲಿ ಪೆನಿಸಿಲಿನ್ ನೀಡುವುದರಿಂದ ಇದನ್ನು ತಡೆಯಬಹುದು.

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ಸೋಂಕಿನಿಂದ ಬಂದ ಪ್ರತಿಕಾಯಗಳು ಮುಂದೆ ಇನ್ನೊಂದು ಬಗೆಯ ಸೋಂಕಾದಾಗ ಅದಕ್ಕೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ನಿಷ್ಕ್ರಿಯಗೊಳಿಸಲು ಸಾಲುವುದಿಲ್ಲ. ಪ್ರತಿಕಾಯ ಅಂಟಿದ ಜೀವಂತ ವೈರಸ್ ಬಿಳಿ ರಕ್ತಕಣಗಳೊಳಗೆ ಇನ್ನಷ್ಟು ಸುಲಭವಾಗಿ ಹೊಕ್ಕು ರೋಗ ಉಲ್ಬಣಿಸಬಹುದು. ಡೆಂಗ್‌ವ್ಯಾಕ್ಸಿಯಾ ಎಂಬ ಲಸಿಕೆಯು ಹಿಂದೆ ಡೆಂಗಿ ಬಾರದವರಲ್ಲಿ ತೀವ್ರ ರೋಗದ ಅಪಾಯವನ್ನು ಹೆಚ್ಚಿಸುವುದೆಂದು 2017ರಲ್ಲಿ ತಿಳಿದುಬಂದ ಮೇಲೆ, ಅದನ್ನು ಹಿಂದೆ ಸೋಂಕು ತಗುಲಿದವರಿಗೆ ಮಾತ್ರ ನೀಡುವಂತೆ ಸಲಹೆ ನೀಡಲಾಯಿತು.

## ಚಿಕಿತ್ಸೆಯಲ್ಲಿ ಬಳಕೆ

ರೂಪ ಬದಲಿಸುವ ವೈರಸ್‌ಗಳ ಬದಲಾಗದ ಭಾಗವನ್ನು ಹಿಡಿಯುವ ಪ್ರತಿಕಾಯಗಳನ್ನು ವಿಶಾಲ ತಟಸ್ಥಕಾರಿ ಪ್ರತಿಕಾಯಗಳೆಂದು ಕರೆಯುತ್ತಾರೆ. ಎಚ್‌ಐವಿ ಮತ್ತು ಇನ್‌ಫ್ಲುಯೆಂಜಾ ವೈರಸ್‌ಗಳ ವಿರುದ್ಧ ಇಂಥವು ಪತ್ತೆಯಾಗಿವೆ. 2003ರಲ್ಲಿ ಸಾರ್ಸ್ ರೋಗಕ್ಕೆ ತುತ್ತಾಗಿದ್ದ ವ್ಯಕ್ತಿಯೊಬ್ಬರ ಬಿ-ಕೋಶದಿಂದ ಪಡೆದ ಪ್ರತಿಕಾಯವು 2020ರಲ್ಲಿ ಕೋವಿಡ್ ವೈರಸ್‌ಗೂ ಅಂಟಿಕೊಳ್ಳುವುದು ಕಂಡುಬಂದಿತು. ಅದರ ಆಧಾರದ ಮೇಲೆ ಸೊಟ್ರೊವಿಮ್ಯಾಬ್ ಎಂಬ ಔಷಧ ಸಿದ್ಧವಾಯಿತು. ಒಮಿಕ್ರಾನ್‌ನ ನಂತರದ ಉಪತಳಿಗಳ ವಿರುದ್ಧ ಅದರ ಪರಿಣಾಮ ಕುಗ್ಗಿತು.

ಎರಡು ಗುರಿಗಳನ್ನು ಬೇಕೆಂದೇ ಕೂಡಿಸುವ ದ್ವಿಗುರಿ ಪ್ರತಿಕಾಯಗಳೂ ಬಳಕೆಗೆ ಬಂದಿವೆ. ಹೀಮೊಫಿಲಿಯಾ ಎ ರೋಗಿಗಳಿಗೆ ನೀಡುವ ಎಮಿಸಿಜುಮ್ಯಾಬ್ ರಕ್ತ ಹೆಪ್ಪುಗಟ್ಟಿಸುವ ಎರಡು ಅಂಶಗಳನ್ನು ಎರಡು ತೋಳುಗಳಲ್ಲಿ ಹಿಡಿದು ಹತ್ತಿರ ತಂದು, ರೋಗಿಯಲ್ಲಿ ಕೊರತೆಯಾಗಿರುವ ಎಂಟನೆಯ ಅಂಶದ ಕೆಲಸವನ್ನು ನಿರ್ವಹಿಸುತ್ತದೆ. ಬ್ಲಿನಾಟುಮೊಮ್ಯಾಬ್ ರಕ್ತದ ಕ್ಯಾನ್ಸರಿನ ಕೋಶವನ್ನೂ ಟಿ-ಕೋಶವನ್ನೂ ಒಟ್ಟಿಗೆ ಹಿಡಿಯುತ್ತದೆ. ಒಂದೇ ಹಿಡಿತಾಣದಿಂದ ಎಚ್‌ಇಆರ್2 ಮತ್ತು ವಿಇಜಿಎಫ್ ಎಂಬ ಎರಡು ಬೇರೆ ಪ್ರೋಟೀನುಗಳಿಗೆ ಅಂಟಿಕೊಳ್ಳುವ ಪ್ರತಿಕಾಯವನ್ನು 2009ರಲ್ಲಿ ಪ್ರಯೋಗಾಲಯದಲ್ಲಿ ರೂಪಿಸಲಾಯಿತು. ಔಷಧವಾಗಿ ಬಳಸಬೇಕಾದ ಯಾವುದೇ ಪ್ರತಿಕಾಯವು ಅನುದ್ದೇಶಿತವಾಗಿ ಮಾನವ ಅಂಗಾಂಶಗಳಿಗೆ ಅಂಟಿಕೊಳ್ಳುತ್ತದೆಯೇ ಎಂಬುದನ್ನು ಮನುಷ್ಯರ ಮೇಲಿನ ಪ್ರಯೋಗಕ್ಕೆ ಮೊದಲು ಪರೀಕ್ಷಿಸಲಾಗುತ್ತದೆ.

## ಇವನ್ನೂ ನೋಡಿ

* ಪ್ರತಿಕಾಯ
* ಲಸಿಕೆ
* ಮಂಗನ ಕಾಯಿಲೆ
* ಹಾವಿನ ಕಡಿತ
* ರಕ್ತದ ಗುಂಪು